ಗುಹೆಯ ನೆಲವನ್ನು ಅಡಿ ಅಡಿಯಾಗಿ ಓದಿದ ಮೇಷ್ಟ್ರು: ವಿಲಿಯಂ ಪೆಂಗೆಲಿ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಸೀಮೆಯಲ್ಲಿ ಈಸ್ಟ್ ಲೂ ಎಂಬ ಕಡಲತೀರದ ಸಣ್ಣ ಊರಿದೆ. ವಿಲಿಯಂ ಪೆಂಗೆಲಿ ಅಲ್ಲಿ 1812ರ ಜನವರಿ 12ರಂದು ಹುಟ್ಟಿದರು. ತಂದೆ ಕರಾವಳಿಯುದ್ದಕ್ಕೂ ಸರಕು ಸಾಗಿಸುವ ಚಿಕ್ಕ ಹಡಗಿನ ಯಜಮಾನ. ಹನ್ನೆರಡರ ಸುಮಾರಿಗೆ ಹುಡುಗ ಶಾಲೆ ಬಿಟ್ಟು ಅಪ್ಪನ ಹಡಗು ಹತ್ತಿದ. ಒಮ್ಮೆ ಗಾಳಿ ಅನುಕೂಲವಾಗದೆ ಹಡಗು ದಡದಲ್ಲೇ ನಿಂತಿದ್ದಾಗ, ಕೂಲಿಯವನೊಬ್ಬ ಒಡೆದ ಕಲ್ಲಿನೊಳಗೆ ಸುರುಳಿ ಸುತ್ತಿದ ಅಮೋನೈಟ್ ಪಳೆಯುಳಿಕೆಯನ್ನು ಕಂಡು ಬೆರಗಾದ. ಅದು ಬೈಬಲ್ಲಿನ ಮಹಾಪ್ರಳಯದಲ್ಲಿ ಮುಳುಗಿ ಸತ್ತ ಪ್ರಾಣಿ ಎಂದು ಆ ಕೂಲಿಯವನು ವಿವರಿಸಿದ. ವಿವರಣೆ ತಪ್ಪು. ಆದರೂ ತಮಗೆ ಸಿಕ್ಕ ಭೂವಿಜ್ಞಾನದ ಮೊದಲ ಪಾಠ ಅದೇ ಎಂದು ಪೆಂಗೆಲಿ ಮುಂದೆ ನೆನೆಯುತ್ತಿದ್ದರು.

ತಮ್ಮನೊಬ್ಬ ತೀರಿಕೊಂಡ ಮೇಲೆ ತಾಯಿಯ ಒತ್ತಾಯಕ್ಕೆ ಹಡಗು ಬಿಟ್ಟು ಮನೆಗೆ ಬಂದರು. ಆಮೇಲೆ ಕಲಿತದ್ದೆಲ್ಲ ಸ್ವಂತ ಓದಿನಿಂದ, ಅದರಲ್ಲೂ ಗಣಿತ. 1836ರ ಸುಮಾರಿಗೆ ಡೆವನ್ ಸೀಮೆಯ ಟಾರ್ಕಿ ಪಟ್ಟಣಕ್ಕೆ ಬಂದು ಶಾಲೆ ತೆರೆದರು. ಅದು ಪೆಸ್ಟಲಾಜಿ ಪದ್ಧತಿಯ ಶಾಲೆ. ವಸ್ತುವನ್ನು ಮೊದಲು ಕಣ್ಣಿಗೆ ಕಾಣಿಸಬೇಕು, ಮಾತು ಆಮೇಲೆ ಬರಬೇಕು ಎಂಬ ಆ ತತ್ವವನ್ನು ನಾವು ಹತ್ತು ಅಂಕದ ಉತ್ತರಕ್ಕಾಗಿ ಬಾಯಿಪಾಠ ಮಾಡುತ್ತೇವೆ. ಅದನ್ನೇ ನಂಬಿ ಹೊಟ್ಟೆಪಾಡು ನಡೆಸಿದ ಮೇಷ್ಟ್ರು ಇವರು. ಸುಮಾರು ಹತ್ತು ವರ್ಷದ ನಂತರ ಶಾಲೆ ಬಿಟ್ಟು ಗಣಿತ ಮತ್ತು ವಿಜ್ಞಾನದ ಖಾಸಗಿ ಬೋಧಕರಾದರು. 1844ರಲ್ಲಿ ಟಾರ್ಕಿ ನಿಸರ್ಗ ಇತಿಹಾಸ ಸಂಘವನ್ನು ಕಟ್ಟಿದವರಲ್ಲಿ ಇವರೂ ಒಬ್ಬರು.

ಟಾರ್ಕಿಯ ಸುತ್ತಮುತ್ತ ಸುಣ್ಣಕಲ್ಲಿನ ಗುಡ್ಡಗಳಿವೆ. ಸುಣ್ಣಕಲ್ಲಿರುವಲ್ಲಿ ನೀರು ಕಲ್ಲನ್ನು ಕರಗಿಸಿ ಗುಹೆಗಳಾಗುತ್ತವೆ. ಅಂಥ ಒಂದು ಗುಹೆ ಕೆಂಟ್ಸ್ ಕ್ಯಾವರ್ನ್. ಪೆಂಗೆಲಿ ಇನ್ನೂ ಹುಡುಗನಾಗಿದ್ದಾಗಲೇ, 1825ರಿಂದ, ಜಾನ್ ಮೆಕೆನರಿ ಎಂಬ ಕ್ಯಾಥೊಲಿಕ್ ಪಾದ್ರಿ ಅದರ ನೆಲ ಅಗೆದಿದ್ದರು. ತೊಟ್ಟಿಕ್ಕುವ ನೀರಿನ ಸುಣ್ಣ ಗಟ್ಟಿಯಾಗಿ ಗುಹೆಯ ನೆಲಕ್ಕೆ ಕಲ್ಲಿನ ಹೊದಿಕೆ ಹಾಕಿತ್ತು. ಅದರ ಕೆಳಗಿನ ಮಣ್ಣಿನಲ್ಲಿ ಅಳಿದುಹೋದ ಪ್ರಾಣಿಗಳ ಎಲುಬುಗಳ ಜೊತೆಗೇ ಮನುಷ್ಯರು ಕೆತ್ತಿದ ಚಕಮಕಿ ಕಲ್ಲಿನ ಆಯುಧಗಳು ಸಿಕ್ಕವು. ಮನುಷ್ಯ ಭೂಮಿಗೆ ಬಂದು ಆರು ಸಾವಿರ ವರ್ಷವಷ್ಟೇ ಆಯಿತೆಂದು ಬಹುಜನ ನಂಬಿದ್ದ ಕಾಲ ಅದು. ಆಕ್ಸ್‌ಫರ್ಡಿನ ಹೆಸರಾಂತ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಇದನ್ನು ಒಪ್ಪಲಿಲ್ಲ. ಹಳೆಯ ಬ್ರಿಟನ್ನರು ಒಲೆ ಹೂಡಲು ಆ ಕಲ್ಲಿನ ಹೊದಿಕೆಯನ್ನು ಕೊರೆದಿರಬೇಕು, ಅವರ ಆಯುಧಗಳು ಕೆಳಗಿನ ಮಣ್ಣಿಗೆ ಸೇರಿರಬೇಕು ಎಂದರು. ಮೆಕೆನರಿ ತಮ್ಮ ಬರಹವನ್ನು ಅಚ್ಚು ಹಾಕಿಸದೆಯೇ 1841ರಲ್ಲಿ ತೀರಿಕೊಂಡರು.

ಇಲ್ಲಿ ನನ್ನ ಅಭ್ಯಾಸ ಬೋಧನೆಯ ಒಂದು ತರಗತಿಯ ವಿಷಯ ಹೇಳಬೇಕು. ಎಂಟನೇ ತರಗತಿಗೆ ಪಳೆಯುಳಿಕೆಗಳ ಪಾಠ ಮಾಡುತ್ತಿದ್ದೆ. ಎಲುಬಿನ ಪಕ್ಕದಲ್ಲಿ ಕಲ್ಲಿನ ಆಯುಧ ಸಿಕ್ಕರೆ ಎರಡೂ ಒಂದೇ ಕಾಲದವು ಎಂದು ಹೇಳಿ ಮುಂದಕ್ಕೆ ಹೋದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, ಆಯುಧವನ್ನು ಇಲಿಯೋ ಹೆಗ್ಗಣವೋ ಬಿಲ ತೋಡಿ ಒಳಗೆ ಎಳೆದಿರಬಹುದಲ್ಲವೇ ಸಾರ್ ಎಂದು ಕೇಳಿದಳು. ನನ್ನ ಪಾಠ ಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಆಮೇಲೆ ಹೇಳುತ್ತೇನೆ ಎಂದು ಕೂರಿಸಿದೆ. ಅವಳು ಕೇಳಿದ್ದು ಬಕ್‌ಲ್ಯಾಂಡರ ಪ್ರಶ್ನೆಯನ್ನೇ ಎಂಬುದು ಪೆಂಗೆಲಿಯ ಬಗ್ಗೆ ಓದಿದಾಗ ತಿಳಿಯಿತು.

1846ರಲ್ಲಿ ಪೆಂಗೆಲಿ ಮತ್ತು ಸಂಘದ ಗೆಳೆಯರು ಕೆಂಟ್ಸ್ ಕ್ಯಾವರ್ನಿನಲ್ಲಿ ಮತ್ತೆ ಸ್ವಲ್ಪ ಅಗೆದರು. ಮೆಕೆನರಿ ಕಂಡದ್ದೇ ಇವರಿಗೂ ಕಂಡಿತು, ಆದರೂ ವಿದ್ವಾಂಸರು ನಂಬಲಿಲ್ಲ. ಆಗಲೇ ಕೆದಕಿದ ಗುಹೆಯ ಸಾಕ್ಷಿಗೆ ಬೆಲೆ ಎಲ್ಲಿಂದ ಬರಬೇಕು? ಯಾರೂ ಮುಟ್ಟದ ಗುಹೆಯೊಂದು ಬೇಕಾಗಿತ್ತು. ಅದು 1858ರಲ್ಲಿ ಟಾರ್ಕಿಯ ಹತ್ತಿರದ ಬ್ರಿಕ್ಸ್‌ಹ್ಯಾಂ ಊರಿನಲ್ಲಿ ಕಲ್ಲು ಒಡೆಯುವಾಗ ಅಕಸ್ಮಾತ್ತಾಗಿ ಬಾಯಿ ತೆರೆಯಿತು. ಹ್ಯೂ ಫಾಲ್ಕನರ್ ಮುಂದಾಗಿ ಲಂಡನ್ನಿನಲ್ಲಿ ಸಮಿತಿ ಮಾಡಿಸಿದರು. ಈ ಫಾಲ್ಕನರ್ ಸಹಾರನಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತ ನಮ್ಮ ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳನ್ನು ಕೂಡಿಸಿದವರು. ಸ್ಥಳದಲ್ಲಿ ನಿಂತು ಅಗೆಸುವ ಹೊಣೆ ಪೆಂಗೆಲಿಯದಾಯಿತು.

ಅಲ್ಲಿಯವರೆಗೆ ಗುಹೆ ಅಗೆಯುವವರು ಬಾವಿ ತೋಡುವಂತೆ ನೇರ ಕೆಳಕ್ಕೆ ಇಳಿದು ಎಲುಬು ಸಿಕ್ಕಿದರೆ ಹೊರಗೆ ತರುತ್ತಿದ್ದರು. ಮೇಲಿನದು ಕೆಳಗಿನದು ಬೆರೆತುಹೋಗುತ್ತಿತ್ತು. ಪೆಂಗೆಲಿ ಕ್ರಮವನ್ನೇ ಬದಲಿಸಿದರು: ಮೇಲಿನ ಪದರವನ್ನು ಉದ್ದಕ್ಕೂ ಪೂರ್ತಿ ತೆಗೆದ ಮೇಲೆಯೇ ಅದರ ಕೆಳಗಿನದಕ್ಕೆ ಕೈ ಹಾಕಬೇಕು, ಸಿಕ್ಕಿದ ಪ್ರತಿಯೊಂದರ ಸ್ಥಾನವನ್ನೂ ಬರೆದಿಡಬೇಕು. ಒಡೆಯದ ಕಲ್ಲಿನ ಹೊದಿಕೆಯಲ್ಲೇ ಹಿಮಸಾರಂಗದ ಕೊಂಬೊಂದು ಹುದುಗಿತ್ತು. ಅದರ ಕೆಳಗಿನ ಮಣ್ಣಿನಲ್ಲಿ ಮ್ಯಾಮತ್, ಉಣ್ಣೆಯ ಖಡ್ಗಮೃಗ, ಗುಹಾಕರಡಿಗಳ ಎಲುಬುಗಳೂ ಚಕಮಕಿ ಕಲ್ಲಿನ ಆಯುಧಗಳೂ ಒಟ್ಟಿಗಿದ್ದವು. ಆಗ ಆಯುಧವೆಂದು ಎಣಿಸಿದ ಚೂರುಗಳಲ್ಲಿ ಎಲ್ಲವೂ ಆಯುಧಗಳಲ್ಲವೆಂದು ನಂತರ ಪರಿಶೀಲಿಸಿದವರು ಹೇಳಿದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಬ್ರಿಕ್ಸ್‌ಹ್ಯಾಂನಿಂದ ಹುರುಪು ಬಂದ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ 1859ರಲ್ಲಿ ಫ್ರಾನ್ಸಿನ ಸೋಮ್ ಕಣಿವೆಗೆ ಹೋಗಿ, ಅಲ್ಲಿ ಬೂಶೆ ದ ಪೆರ್ತ್ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದ ಆಯುಧಗಳನ್ನು ಕಣ್ಣಾರೆ ನೋಡಿ ಬಂದರು. ಅದೇ ವರ್ಷ ಮನುಷ್ಯನ ಪ್ರಾಚೀನತೆಯನ್ನು ವಿದ್ವತ್ ಸಭೆಗಳು ಒಪ್ಪತೊಡಗಿದವು.

ಆ ಸುದ್ದಿ ನಮ್ಮ ಕಡೆಗೂ ಮುಟ್ಟಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧ ಗುರುತಿಸಿದರು. ಮುಂದೆ ಮಲಪ್ರಭೆಯ ಕಣಿವೆ, ಬಳ್ಳಾರಿ ಸೀಮೆಗಳಲ್ಲೂ ಹುಡುಕಿದರು. ಪೆಂಗೆಲಿಗೆ ರಾಯಲ್ ಸೊಸೈಟಿಯ ಸದಸ್ಯತ್ವ ಬಂದದ್ದೂ 1863ರಲ್ಲೇ.

ಇಷ್ಟಕ್ಕೇ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ ಪೆಂಗೆಲಿ ಮೆಕೆನರಿಯ ಗುಹೆಗೆ ಮರಳಿದರು. ಬ್ರಿಟಿಷ್ ಅಸೋಸಿಯೇಷನ್ನಿನ ನೆರವಿನಿಂದ 1865ರ ಮಾರ್ಚ್ 28ರಂದು ಶುರುವಾದ ಕೆಲಸ ಮುಗಿದದ್ದು 1880ರ ಜೂನ್ 19ರಂದು. ಹದಿನೈದು ವರ್ಷ! ಗುಹೆಯ ಉದ್ದಕ್ಕೆ ಒಂದು ಆಧಾರರೇಖೆ ಎಳೆದು, ಅದಕ್ಕೆ ಲಂಬವಾಗಿ ಅಡಿಗೊಂದರಂತೆ ಅಡ್ಡರೇಖೆಗಳನ್ನು ಹಾಕಿದರು. ಒಂದು ಗಜ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಮಣ್ಣು ಒಂದು ಘಟಕ. ಅದನ್ನು ಮೊದಲು ಅಲ್ಲೇ ಮೇಣದಬತ್ತಿಯ ಬೆಳಕಿನಲ್ಲಿ ಸೋಸಿ ನೋಡಿ, ಆಮೇಲೆ ಹೊರಗೆ ಹಗಲ ಬೆಳಕಿನಲ್ಲಿ ಇನ್ನೊಮ್ಮೆ ನೋಡುವುದು. ಆ ಘಟಕದಲ್ಲಿ ಸಿಕ್ಕಿದ್ದೆಲ್ಲ ಸಂಖ್ಯೆ ಹಾಕಿದ ಒಂದು ಪೆಟ್ಟಿಗೆಗೆ. ಭಾನುವಾರ ಬಿಟ್ಟರೆ ಹೆಚ್ಚುಕಡಿಮೆ ದಿನವೂ ಗುಹೆಗೆ ಹೋಗಿ, ಮನೆಗೆ ಬಂದು ದಿನಚರಿ ಬರೆಯುತ್ತಿದ್ದರು. ಆ ವಸ್ತುಗಳು ನಂತರ ಹಲವು ವಸ್ತುಸಂಗ್ರಹಾಲಯಗಳಿಗೆ ಚದುರಿಹೋದವು. ಆದರೂ ದಿನಚರಿ ಹಿಡಿದು ಯಾವುದು ಎಲ್ಲಿ ಸಿಕ್ಕಿತೆಂದು ಇಂದಿನ ಸಂಶೋಧಕರು ಮತ್ತೆ ಗುರುತಿಸಿದ್ದಾರೆ. ದಾಖಲೆ ಪುಸ್ತಕವನ್ನು ಸಲ್ಲಿಸುವ ಹಿಂದಿನ ರಾತ್ರಿ ಕೂತು ತುಂಬುವ ನನ್ನಂಥವರಿಗೆ ಇದನ್ನು ಓದುವಾಗ ಸ್ವಲ್ಪ ಇರಿಸುಮುರಿಸಾಗುತ್ತದೆ.

ಪೆಂಗೆಲಿ ಮೆಕೆನರಿಯ ಹಸ್ತಪ್ರತಿಯನ್ನು 1869ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಒಂದು ತಕರಾರಿನ ವಿಷಯವಿತ್ತು. ಗರಗಸದಂತೆ ಅಂಚಿರುವ ಕತ್ತಿಹಲ್ಲಿನ ಬೆಕ್ಕಿನ ಹಲ್ಲುಗಳು ಆ ಗುಹೆಯಲ್ಲೇ ಸಿಕ್ಕವೆಂದು ಪಾದ್ರಿ ಬರೆದಿದ್ದರು. ಬೇರೆ ಯಾರಿಗೂ ಸಿಗದ ಕಾರಣ ಅವು ನಿಜಕ್ಕೂ ಅಲ್ಲಿಯವೇ ಎಂಬ ಶಂಕೆ ಹುಟ್ಟಿತ್ತು. ಏಳು ವರ್ಷ ಅಗೆದ ಮೇಲೆ, 1872ರ ಜುಲೈನಲ್ಲಿ, ಅದೇ ಪ್ರಾಣಿಯ ಒಂದು ಬಾಚಿಹಲ್ಲು ಪೆಂಗೆಲಿಗೆ ಸಿಕ್ಕಿತು. ಮೆಕೆನರಿ ಸತ್ತು ಆಗ ಮೂವತ್ತೊಂದು ವರ್ಷವಾಗಿತ್ತು. ಈ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಗಳಿಗೆ ಇದು.

ಪೆಂಗೆಲಿ 1894ರ ಮಾರ್ಚ್ 16ರಂದು ಟಾರ್ಕಿಯಲ್ಲೇ ತೀರಿಕೊಂಡರು. ಮಗಳು ಹೆಸ್ಟರ್ ಅವರ ಜೀವನಚರಿತ್ರೆ ಬರೆದರು.

ಮುಂದಿನ ವಾರ ಅದೇ ಎಂಟನೇ ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕೆಂಟ್ಸ್ ಕ್ಯಾವರ್ನಿನ ಲೆಕ್ಕ ತೋರಿಸಿದೆ. ಮೇಲಿನ ಕಲ್ಲಿನ ಹೊದಿಕೆ ಒಡೆಯದೆ ಇದ್ದರೆ ಮೇಲಿನಿಂದ ಹೆಗ್ಗಣ ಬಿಲ ತೋಡಿಲ್ಲ ಎಂದರ್ಥ ಎಂದೆ. ಆ ಹುಡುಗಿ ಸ್ವಲ್ಪ ಹೊತ್ತು ಗೆರೆಗಳನ್ನೇ ನೋಡಿ, ಹದಿನೈದು ವರ್ಷ ಮಣ್ಣು ಅಗೆದದ್ದು ಆ ಮೇಷ್ಟ್ರೇನಾ ಎಂದು ಕೇಳಿದಳು. ಅಲ್ಲ, ಸಾಮಾನ್ಯವಾಗಿ ಇಬ್ಬರು ಕೂಲಿಯವರು ಅಗೆಯುತ್ತಿದ್ದರು, ಅವರ ಹೆಸರುಗಳು ಪೆಂಗೆಲಿಯ ವರದಿಗಳಲ್ಲಿವೆ ಎಂದೆ. ಆ ಹೆಸರುಗಳನ್ನೂ ಬೋರ್ಡಿನ ಮೇಲೆ ಬರೆಯಿರಿ ಸಾರ್ ಎಂದಳು.