ಆಕಾಶಶಿಲೆಯ ವಕೀಲ

ಇರುಳಿನ ಆಕಾಶವನ್ನು ಸೀಳಿ ಮರೆಯಾಗುವ ಬೆಳಕಿನ ಗೆರೆಯನ್ನು ನಮ್ಮವರು ಉಲ್ಕೆ ಎಂದರು. ಉರಿಯುವ ಕೊಳ್ಳಿ ಎಂದು ಅದರರ್ಥ. ಯುರೋಪಿನವರು ಗ್ರೀಕಿನಿಂದ ಪಡೆದ ಮೀಟಿಯರ್ ಎಂಬ ಪದಕ್ಕಾದರೋ ಮೇಲೆ ಗಾಳಿಯಲ್ಲಿರುವುದು ಎಂಬ ಅರ್ಥ. ಮಳೆ, ಮಂಜು, ಮಿಂಚುಗಳೂ ಆ ಹೆಸರಿನಲ್ಲೇ ಅಡಕವಾಗಿದ್ದುವು. ಹೆಸರಿನ ಮಹಿಮೆಯೋ ಏನೋ, ಉಲ್ಕೆ ವಾಯುಮಂಡಲದ ಕೂಸೆಂಬ ನಂಬಿಕೆ ಬಹುಕಾಲ ಅಲುಗಲಿಲ್ಲ. ಅದನ್ನು ಅಲುಗಿಸಿದವನು ಖಗೋಳಜ್ಞನಲ್ಲ, ಕಾನೂನು ಓದಿದ ಎರ್ನ್ಸ್ಟ್ ಕ್ಲಾಡ್ನಿ.

ಕ್ಲಾಡ್ನಿ 1756ರಲ್ಲಿ ಜರ್ಮನಿಯ ವಿಟೆನ್‌ಬರ್ಗಿನಲ್ಲಿ ಜನಿಸಿದನು. ನ್ಯಾಯಶಾಸ್ತ್ರದ ಪ್ರಾಧ್ಯಾಪಕನಾದ ತಂದೆಯ ಇಚ್ಛೆಯಂತೆ ಕಾನೂನು ಕಲಿತನು; 1782ರಲ್ಲಿ ತಂದೆ ತೀರಿಕೊಂಡ ಮೇಲೆ ತನ್ನ ಮನಸ್ಸಿನಂತೆ ನಾದವಿಜ್ಞಾನಕ್ಕೆ ತಿರುಗಿದನು. ಮರಳು ಚೆಲ್ಲಿದ ಲೋಹದ ತಗಡಿಗೆ ಕಮಾನು ತೀಡಿ ಅವನು ಮೂಡಿಸಿದ ಚಿತ್ರಗಳು 1787ರಿಂದ ಪ್ರಸಿದ್ಧವಾದುವು. ಆದರೂ ವಿಶ್ವವಿದ್ಯಾನಿಲಯದ ಪದವಿಯೊಂದೂ ಒದಗಲಿಲ್ಲ. ವಾದ್ಯಗಳನ್ನು ಗಾಡಿಗೇರಿಸಿ ಊರೂರಿಗೆ ಉಪನ್ಯಾಸ ಮಾಡುತ್ತ ಬದುಕಿದನು.

ಗ್ಯೊಟಿಂಗೆನ್ನಿನಲ್ಲಿ ಲಿಖ್ಟೆನ್‌ಬರ್ಗನೊಡನೆ ನಡೆದ ಮಾತುಕತೆ ಅವನನ್ನು ಅಗ್ನಿಗೋಳಗಳತ್ತ ಸೆಳೆಯಿತು. ಅಲ್ಲಿನ ಗ್ರಂಥಭಂಡಾರದಲ್ಲಿ ಕುಳಿತು, ಬೆಂಕಿಯುಂಡೆ ಕಂಡವರ, ಕಲ್ಲು ಬಿದ್ದುದನ್ನು ನೋಡಿದವರ ಹೇಳಿಕೆಗಳನ್ನು ಹುಡುಕಿ ತೆಗೆದನು. ಇಲ್ಲಿಯೇ ಅವನ ಕಾನೂನು ವಿದ್ಯೆ ಫಲಿಸಿತೆಂದು ನನ್ನ ಎಣಿಕೆ. ಪಂಡಿತರು ಹಳ್ಳಿಗರ ಭ್ರಮೆಯೆಂದು ತಳ್ಳಿದ್ದನ್ನು ಅವನು ಸಾಕ್ಷ್ಯವೆಂದು ತೂಗಿದನು: ಪರಸ್ಪರ ಅರಿಯದ ಜನ, ಬೇರೆಬೇರೆ ದೇಶಕಾಲಗಳಲ್ಲಿ, ಒಂದೇ ಬಗೆಯ ಸಂಗತಿಯನ್ನು ಏಕೆ ಹೇಳಬೇಕು? ಪಲ್ಲಾಸನು ಸೈಬೀರಿಯದಲ್ಲಿ ಕಂಡು ವರ್ಣಿಸಿದ್ದ, ಸುಮಾರು 700 ಕಿಲೋಗ್ರಾಂ ತೂಗುವ ಕಬ್ಬಿಣದ ಗುಂಡನ್ನೂ ಇದಕ್ಕೆ ಜೋಡಿಸಿ, 1794ರಲ್ಲಿ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದನು. ಅಗ್ನಿಗೋಳಗಳ ವೇಗವನ್ನು ಭೂಮಿಯ ಆಕರ್ಷಣೆಯೊಂದೇ ಕೊಡಲಾರದು. ಆದ್ದರಿಂದ ಅವು ಅಂತರಿಕ್ಷದಿಂದ ಬಂದವು ಎಂಬುದು ಅವನ ವಾದ.

ಅಂತರಿಕ್ಷದಲ್ಲಿ ಅಲೆಯುವಾಗ ಉಲ್ಕಾಕಾಯ, ಉರಿದು ಬೆಳಗುವಾಗ ಉಲ್ಕೆ, ನೆಲ ಮುಟ್ಟಿದ ಮೇಲೆ ಉಲ್ಕಾಶಿಲೆ ಎಂದು ಇಂದು ನಾವು ಭೇದ ಮಾಡುತ್ತೇವೆ. ಈ ಹೆಸರುಗಳು ಅವನವಲ್ಲ. ಮೂರೂ ಒಂದೇ ವಸ್ತುವಿನ ಅವಸ್ಥೆಗಳೆಂದು ಸಾಧಾರವಾಗಿ ವಾದಿಸಿದವನು ಅವನು.

ಪಂಡಿತರು ನಕ್ಕರು. ಆದರೆ ಕಲ್ಲುಗಳು ಬೀಳುತ್ತಲೇ ಇದ್ದುವು: 1794ರಲ್ಲಿ ಇಟಲಿಯ ಸಿಯೆನಾದ ಬಳಿ, 1795ರಲ್ಲಿ ಇಂಗ್ಲೆಂಡಿನಲ್ಲಿ. 1798ರಲ್ಲಿ ಗ್ಯೊಟಿಂಗೆನ್ನಿನ ಇಬ್ಬರು ವಿದ್ಯಾರ್ಥಿಗಳು, ಬ್ರಾಂಡೆಸ್ ಮತ್ತು ಬೆನ್‌ಜೆನ್‌ಬರ್ಗ್, ಎರಡು ಎಡೆಗಳಿಂದ ಏಕಕಾಲದಲ್ಲಿ ಉಲ್ಕೆಗಳನ್ನು ನೋಡಿ ಎತ್ತರವನ್ನು ಗಣಿಸಿದರು. ಮೋಡಗಳಿಗಿಂತ ಎಷ್ಟೋ ಮೇಲೆ, ಹತ್ತಾರು ಕಿಲೋಮೀಟರು! 1802ರಲ್ಲಿ ಹೋವರ್ಡನು ಇಂಥ ಕಲ್ಲುಗಳ ಲೋಹದಲ್ಲಿ ನಿಕ್ಕಲನ್ನು ಕಂಡನು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಪಟ್ಟಣದ ಸುತ್ತ ಸಾವಿರಾರು ಕಲ್ಲುಗಳು ಸುರಿದುವು. ವಿಚಾರಣೆಗೆ ಹೋದ ಬಿಯೋ ಊರಿಂದೂರಿಗೆ ನಡೆದು ಜನರ ಮಾತನ್ನು ಬರೆದುಕೊಂಡನು. ಆ ವರದಿಯ ಬಳಿಕ ಕಲ್ಲು ಬೀಳುವುದೇ ಸುಳ್ಳೆನ್ನುವವರು ವಿರಳರಾದರು.

ಕ್ಲಾಡ್ನಿಯ ಅಲೆದಾಟ ಮಾತ್ರ ನಿಲ್ಲಲಿಲ್ಲ. 1827ರಲ್ಲಿ ಬ್ರೆಸ್ಲೌ ನಗರದಲ್ಲಿ ತೀರಿಕೊಂಡಾಗಲೂ ಅವನು ಉಪನ್ಯಾಸದ ಪ್ರವಾಸದಲ್ಲಿದ್ದನು. ಕೂಡಿಟ್ಟ ಉಲ್ಕಾಶಿಲೆಗಳನ್ನು ಬರ್ಲಿನ್ ವಿಶ್ವವಿದ್ಯಾನಿಲಯಕ್ಕೆ ಬರೆದಿಟ್ಟಿದ್ದನು.