ಸೆಸಿಲ್ ಬಿ. ಡಿಮಿಲ್

ಸೆಸಿಲ್ ಬ್ಲೌಂಟ್ ಡಿಮಿಲ್ (ಆಗಸ್ಟ್ 12, 1881 – ಜನವರಿ 21, 1959) ಅಮೆರಿಕದ ಚಲನಚಿತ್ರ ನಿರ್ದೇಶಕರು ಹಾಗೂ ನಿರ್ಮಾಪಕರು. ಹಾಲಿವುಡ್ ಎಂಬ ಚಿಕ್ಕ ಊರು ಚಿತ್ರೋದ್ಯಮದ ಕೇಂದ್ರವಾಗಿ ಬೆಳೆಯಲು ಕಾರಣರಾದ ಮೊದಲ ತಲೆಮಾರಿನವರಲ್ಲಿ ಇವರೊಬ್ಬರು. 1914ರಿಂದ 1956ರವರೆಗೆ ಸುಮಾರು 70 ಚಿತ್ರಗಳನ್ನು ನಿರ್ದೇಶಿಸಿದರು. ಬೈಬಲ್ ಮತ್ತು ಪ್ರಾಚೀನ ಇತಿಹಾಸದ ವಸ್ತುವುಳ್ಳ ಅದ್ದೂರಿ ಚಿತ್ರಗಳಿಂದ ಇವರ ಹೆಸರು ಜಗತ್ತಿಗೆ ಪರಿಚಿತವಾಯಿತು. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿಯೂ ಇವರ ವೃತ್ತಿಜೀವನದಲ್ಲಿದೆ. ತಮ್ಮ ಮೊದಲ ಚಿತ್ರದ ಕಥೆಯನ್ನು ಇವರು ಮೂರು ಬಾರಿ ತೆರೆಗೆ ತಂದರು. ನಿರ್ದೇಶಿಸಿದ ಕೊನೆಯ ಚಿತ್ರವೂ ತಮ್ಮದೇ ಹಳೆಯ ಚಿತ್ರವೊಂದರ ಮರುನಿರ್ಮಾಣವಾಗಿತ್ತು. ಹಾಲಿವುಡ್ ಈಚೆಗೆ ಹೊಸ ಕಥೆಗಳನ್ನು ಕೈಬಿಟ್ಟು ಹಳೆಯ ಚಿತ್ರಗಳನ್ನೇ ನೆಚ್ಚಿಕೊಂಡಿದೆ ಎಂಬ ದೂರು ಆಗಾಗ ಕೇಳಿಬರುತ್ತದೆ. ಆ ದೂರನ್ನು ಪರಿಶೀಲಿಸುವವರಿಗೆ ಡಿಮಿಲ್ ಅವರ ಜೀವನ ಒಂದು ಮುಖ್ಯ ಆಧಾರ.

ಕನ್ನಡ ಚಿತ್ರರಂಗದಲ್ಲಿ ರೀಮೇಕ್ ಎಂದರೆ ಸಾಮಾನ್ಯವಾಗಿ ಬೇರೆ ಭಾಷೆಯ ಚಿತ್ರವನ್ನು ಕನ್ನಡಕ್ಕೆ ತರುವುದು. ಹಾಲಿವುಡ್‌ನಲ್ಲಿ ಆ ಮಾತಿಗೆ ಅದೇ ಭಾಷೆಯ, ಅನೇಕ ವೇಳೆ ಅದೇ ಸಂಸ್ಥೆಯ ಹಳೆಯ ಚಿತ್ರವನ್ನು ಹೊಸ ನಟರೊಂದಿಗೆ ಮತ್ತೆ ತೆಗೆಯುವುದು ಎಂಬ ಅರ್ಥವೂ ಉಂಟು. ಈ ಲೇಖನದಲ್ಲಿ ಮರುನಿರ್ಮಾಣ ಎಂಬ ಪದವನ್ನು ಆ ಅರ್ಥದಲ್ಲಿ ಬಳಸಲಾಗಿದೆ.

ಜನನ ಮತ್ತು ಬಾಲ್ಯ

ಡಿಮಿಲ್ ಅವರು ಮ್ಯಾಸಚೂಸೆಟ್ಸ್ ಸಂಸ್ಥಾನದ ಆಶ್‌ಫೀಲ್ಡ್ ಎಂಬಲ್ಲಿ ಜನಿಸಿದರು. ತಂದೆ ಹೆನ್ರಿ ಡಿಮಿಲ್ ಶಿಕ್ಷಕರಾಗಿದ್ದು ನಂತರ ನಾಟಕಕಾರರಾದವರು. ನ್ಯೂಯಾರ್ಕಿನ ಪ್ರಸಿದ್ಧ ರಂಗಕರ್ಮಿ ಡೇವಿಡ್ ಬೆಲಾಸ್ಕೊ ಅವರೊಡನೆ ಸೇರಿ ನಾಟಕಗಳನ್ನು ರಚಿಸಿದ್ದರು. ತಾಯಿ ಬಿಯಾಟ್ರಿಸ್ ಇಂಗ್ಲೆಂಡಿನಲ್ಲಿ ಹುಟ್ಟಿದ ಯೆಹೂದಿ ಮನೆತನದವರು. ತಂದೆ ಸಂಜೆಯ ಹೊತ್ತು ಮಕ್ಕಳಿಗೆ ಬೈಬಲನ್ನು ಗಟ್ಟಿಯಾಗಿ ಓದಿ ಹೇಳುವ ರೂಢಿಯಿತ್ತು. ಮುಂದೆ ಮಗ ಆರಿಸಿಕೊಂಡ ಕಥಾವಸ್ತುಗಳ ಬೇರು ಇಲ್ಲಿದೆ ಎನ್ನಬಹುದು.

1893ರಲ್ಲಿ ತಂದೆ ವಿಷಮಶೀತ ಜ್ವರದಿಂದ ತೀರಿಕೊಂಡಾಗ ಸೆಸಿಲ್‌ಗೆ 11 ವರ್ಷ. ತಾಯಿ ನ್ಯೂಜರ್ಸಿಯ ತಮ್ಮ ಮನೆಯಲ್ಲೇ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದು ಸಂಸಾರ ನಡೆಸಿದರು; ಆಮೇಲೆ ನಾಟಕಗಳ ಹಕ್ಕುಗಳನ್ನು ಮಾರಿಸಿಕೊಡುವ ವ್ಯವಹಾರಕ್ಕೆ ಇಳಿದರು. ಒಮ್ಮೆ ಬರೆದ ಕಥೆಯನ್ನು ಹಲವು ಬಾರಿ ಮಾರಬಹುದು ಎಂಬ ಪಾಠ ಈ ಮನೆಯಲ್ಲಿ ನಿತ್ಯದ್ದಾಗಿತ್ತು.

ರಂಗಭೂಮಿಯ ವರ್ಷಗಳು

ಸೈನಿಕ ಶಾಲೆಯೊಂದರಲ್ಲಿ ಓದಿದ ಬಳಿಕ ಸೆಸಿಲ್ ನ್ಯೂಯಾರ್ಕಿನ ಅಮೆರಿಕನ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ಸ್‌ನಲ್ಲಿ ಅಭಿನಯ ಕಲಿತು 1900ರಲ್ಲಿ ರಂಗವೇರಿದರು. 1902ರಲ್ಲಿ ಸಹನಟಿ ಕಾನ್‌ಸ್ಟನ್ಸ್ ಆಡಮ್ಸ್ ಅವರನ್ನು ವಿವಾಹವಾದರು. ಹತ್ತು ಹನ್ನೆರಡು ವರ್ಷ ಊರೂರು ಸುತ್ತಿ ನಟಿಸಿದರೂ, ನಾಟಕ ಬರೆದರೂ ಕೈಯಲ್ಲಿ ಹಣ ನಿಲ್ಲಲಿಲ್ಲ. ಅಣ್ಣ ವಿಲಿಯಂ ಆಗಲೇ ಹೆಸರಾಂತ ನಾಟಕಕಾರರಾಗಿದ್ದರು. 1911ರಲ್ಲಿ ಬೆಲಾಸ್ಕೊ ಪ್ರದರ್ಶಿಸಿದ ‘ದಿ ರಿಟರ್ನ್ ಆಫ್ ಪೀಟರ್ ಗ್ರಿಮ್’ ನಾಟಕಕ್ಕೆ ಮೂಲ ಸಾಮಗ್ರಿ ಒದಗಿಸಿದವರು ಸೆಸಿಲ್. ಆದರೆ ಕರ್ತೃವಿನ ಕೀರ್ತಿ ಬೆಲಾಸ್ಕೊ ಅವರಿಗೆ ಸಂದಿತು. ಈ ಕಹಿಯನ್ನು ಡಿಮಿಲ್ ಮರೆಯಲಿಲ್ಲ. ಕಥೆಯ ಮೇಲಿನ ಹಿಡಿತವನ್ನು ಮುಂದೆ ಅವರು ಸುಲಭವಾಗಿ ಬಿಟ್ಟುಕೊಡದಿದ್ದುದಕ್ಕೆ ಈ ಅನುಭವವೂ ಒಂದು ಕಾರಣವಿರಬೇಕು.

ಮೊದಲ ಚಿತ್ರ

1913ರಲ್ಲಿ ಮನರಂಜನಾ ಪ್ರದರ್ಶನಗಳ ವ್ಯವಸ್ಥಾಪಕ ಜೆಸ್ಸಿ ಲ್ಯಾಸ್ಕಿ, ಅವರ ಭಾವ ಹಾಗೂ ಕೈಗವಸಿನ ವ್ಯಾಪಾರಿ ಸ್ಯಾಮ್ಯುಯಲ್ ಗೋಲ್ಡ್‌ಫಿಶ್ (ಮುಂದೆ ಸ್ಯಾಮ್ಯುಯಲ್ ಗೋಲ್ಡ್‌ವಿನ್ ಎಂದು ಖ್ಯಾತರಾದವರು) ಮತ್ತು ಡಿಮಿಲ್ ಸೇರಿ ಚಿತ್ರ ನಿರ್ಮಾಣ ಸಂಸ್ಥೆಯೊಂದನ್ನು ಆರಂಭಿಸಿದರು. ಅಣ್ಣ ವಿಲಿಯಂ ಇದರಲ್ಲಿ ಹಣ ಹೂಡಲು ಒಪ್ಪಲಿಲ್ಲ. ಮರುವರ್ಷವೇ ಅವರು ತಾವೂ ಹಾಲಿವುಡ್‌ಗೆ ಬಂದು ಚಿತ್ರರಂಗದಲ್ಲಿ ನೆಲೆಸಿದರು ಎಂಬುದು ಬೇರೆ ಮಾತು.

ಆರಿಸಿಕೊಂಡ ಕಥೆ ಹೊಸದೇನಲ್ಲ. ಎಡ್ವಿನ್ ಮಿಲ್ಟನ್ ರಾಯ್ಲ್ ಅವರ ‘ದಿ ಸ್ಕ್ವಾ ಮ್ಯಾನ್’ 1905ರಿಂದ ರಂಗದ ಮೇಲೆ ಗೆದ್ದ ನಾಟಕ. ಇಂಗ್ಲೆಂಡಿನ ಸಿರಿವಂತನೊಬ್ಬ ಬಂಧುವಿನ ಹಣದ ಅಪರಾಧವನ್ನು ತನ್ನ ಮೇಲೆ ಹೊತ್ತುಕೊಂಡು ಅಮೆರಿಕದ ಪಶ್ಚಿಮಕ್ಕೆ ಬರುತ್ತಾನೆ. ಅಲ್ಲಿನ ಮೂಲನಿವಾಸಿ ಹೆಣ್ಣೊಬ್ಬಳು ಅವನ ಪ್ರಾಣ ಉಳಿಸುತ್ತಾಳೆ. ಅವರಿಗೆ ಮಗು ಹುಟ್ಟುತ್ತದೆ. ಮಗುವನ್ನು ಇಂಗ್ಲೆಂಡಿಗೆ ಕಳುಹಿಸಬೇಕಾಗಿ ಬಂದಾಗ ಆಕೆ ತನ್ನನ್ನು ತಾನೇ ಕೊಂದುಕೊಳ್ಳುತ್ತಾಳೆ. ಶೀರ್ಷಿಕೆಯಲ್ಲಿರುವ ‘ಸ್ಕ್ವಾ’ ಎಂಬ ಪದವನ್ನು ಇಂದು ಮೂಲನಿವಾಸಿ ಮಹಿಳೆಯರಿಗೆ ಅವಮಾನಕರವೆಂದು ಪರಿಗಣಿಸಲಾಗುತ್ತದೆ.

ಅರಿಜೋನಾದಲ್ಲಿ ಚಿತ್ರೀಕರಣ ನಡೆಸುವ ಯೋಚನೆಯಿಂದ ಹೊರಟ ತಂಡ ಅಲ್ಲಿ ಇಳಿದು, ಸ್ಥಳ ಒಪ್ಪದೆ ಅದೇ ರೈಲಿನ ದಾರಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಮುಂದುವರಿಯಿತು. ಹಾಲಿವುಡ್‌ನ ಸೆಲ್ಮಾ ಮತ್ತು ವೈನ್ ಬೀದಿಗಳು ಕೂಡುವಲ್ಲಿದ್ದ ಕೊಟ್ಟಿಗೆಯೊಂದನ್ನು ಬಾಡಿಗೆಗೆ ಹಿಡಿದು 1913ರ ಡಿಸೆಂಬರ್ 29ರಂದು ಕೆಲಸ ಶುರುವಾಯಿತು. ಅನುಭವಿಯಾದ ಆಸ್ಕರ್ ಅಪ್ಫೆಲ್ ಸಹನಿರ್ದೇಶಕರಾಗಿದ್ದರು. ಚಿತ್ರ ಮುಗಿದು ತೆರೆಯ ಮೇಲೆ ಹಾಕಿದಾಗ ಬಿಂಬಗಳು ನಿಲ್ಲದೆ ಮೇಲೆ ಕೆಳಗೆ ಜಾರತೊಡಗಿದವು. ಫಿಲ್ಮಿನ ಅಂಚಿನ ರಂಧ್ರಗಳ ಅಳತೆ ತಪ್ಪಿತ್ತು. ಪ್ರದರ್ಶನದ ಹಕ್ಕುಗಳನ್ನು ಆಗಲೇ ಮುಂಗಡವಾಗಿ ಮಾರಿದ್ದರಿಂದ, ಚಿತ್ರ ಕೆಟ್ಟರೆ ಸಂಸ್ಥೆ ಮುಳುಗುವುದಷ್ಟೇ ಅಲ್ಲ, ಪಾಲುದಾರರು ನ್ಯಾಯಾಲಯದ ಮೆಟ್ಟಿಲೇರುವ ಸ್ಥಿತಿಯಿತ್ತು. ಫಿಲಡೆಲ್ಫಿಯಾದ ಸೀಗ್ಮಂಡ್ ಲೂಬಿನ್ ಎಂಬ ಹಿರಿಯ ನಿರ್ಮಾಪಕರು ಆ ದೋಷವನ್ನು ಸರಿಪಡಿಸಿಕೊಟ್ಟರು. 1914ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಚಿತ್ರ ಹಾಕಿದ ಹಣದ ಹಲವು ಪಟ್ಟು ಗಳಿಸಿತು. ಹಾಲಿವುಡ್‌ನಲ್ಲಿ ತಯಾರಾದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ಅದೇ ಕಥೆ, ಮತ್ತೆರಡು ಬಾರಿ

1918ರಲ್ಲಿ, ಅಂದರೆ ಕೇವಲ ನಾಲ್ಕು ವರ್ಷಗಳ ನಂತರ, ಡಿಮಿಲ್ ಅದೇ ಕಥೆಯನ್ನು ಮತ್ತೆ ಚಿತ್ರಿಸಿದರು. ಇಂದಿನ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಅಂದಿನ ಪರಿಸ್ಥಿತಿಯೇ ಬೇರೆ. ಚಿತ್ರವೊಂದು ಊರಿನ ಚಿತ್ರಮಂದಿರದಲ್ಲಿ ಕೆಲವು ದಿನ ನಡೆದು ಹೋದರೆ ಅದನ್ನು ಮತ್ತೆ ನೋಡುವ ದಾರಿಯೇ ಇರುತ್ತಿರಲಿಲ್ಲ. ದೂರದರ್ಶನವಾಗಲಿ, ಮನೆಯಲ್ಲಿ ನೋಡುವ ಸಾಧನಗಳಾಗಲಿ ಇರಲಿಲ್ಲ. ಅಂದಿನ ನೈಟ್ರೇಟ್ ಫಿಲ್ಮು ಬೇಗ ಹಾಳಾಗುವ, ಸುಲಭವಾಗಿ ಬೆಂಕಿ ಹೊತ್ತುವ ವಸ್ತು. ಅಮೆರಿಕದ ಮೂಕಿ ಕಥಾಚಿತ್ರಗಳಲ್ಲಿ ಸುಮಾರು ಶೇಕಡಾ 70ರಷ್ಟು ನಾಶವಾಗಿವೆ ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿ ತಿಳಿಸುತ್ತದೆ. ಇದರ ಜೊತೆಗೆ ಆ ನಾಲ್ಕು ವರ್ಷಗಳಲ್ಲಿ ಬೆಳಕಿನ ಬಳಕೆ, ಸಂಕಲನ, ಅಭಿನಯದ ಶೈಲಿ ಎಲ್ಲವೂ ಬಹಳ ಮುಂದುವರಿದಿದ್ದವು. ಎರಡನೆಯ ಚಿತ್ರವೂ ಲಾಭ ತಂದಿತು. ಅದರ ಕೊನೆಯ ರೀಲು ಮಾತ್ರ ಇಂದು ಉಳಿದಿದೆ.

ಮೂರನೆಯ ಬಾರಿಯ ಕಥೆ ಬೇರೆ. 1928ರಲ್ಲಿ ಡಿಮಿಲ್ ಎಂ.ಜಿ.ಎಂ. ಸಂಸ್ಥೆ ಸೇರಿದ್ದರು. ವಾಕ್ಚಿತ್ರ ಬಂದು ಮೂಕಿ ಚಿತ್ರಗಳು ರಾತ್ರೋರಾತ್ರಿ ಬೆಲೆ ಕಳೆದುಕೊಂಡ ಕಾಲವದು. ಎಲ್ಲ ಸಂಸ್ಥೆಗಳೂ ತಮ್ಮ ಹಳೆಯ ಕಥೆಗಳಿಗೆ ಮಾತು ಸೇರಿಸಿ ಮತ್ತೆ ತೆಗೆಯುತ್ತಿದ್ದವು. ಆರ್ಥಿಕ ಮುಗ್ಗಟ್ಟು ಬೇರೆ ಆವರಿಸಿತ್ತು. ‘ಮ್ಯಾಡಮ್ ಸೇಟನ್’ ಸೋತು ತಮ್ಮ ಸ್ಥಾನ ಅಲುಗಾಡುತ್ತಿದ್ದಾಗ ಡಿಮಿಲ್ 1931ರಲ್ಲಿ ಮತ್ತೆ ‘ದಿ ಸ್ಕ್ವಾ ಮ್ಯಾನ್’ ಕಥೆಯ ಮೊರೆಹೊಕ್ಕರು. ವಾರ್ನರ್ ಬ್ಯಾಕ್ಸ್‌ಟರ್ ನಾಯಕ, ಮೆಕ್ಸಿಕೊದ ಲೂಪೆ ವೆಲೆಜ್ ನಾಯಕಿ. ಚಿತ್ರ ನಷ್ಟ ಅನುಭವಿಸಿತು, ಎಂ.ಜಿ.ಎಂ. ನಂಟು ಅಲ್ಲಿಗೆ ಮುಗಿಯಿತು. ಮೊದಲೆರಡು ಬಾರಿ ಗೆಲ್ಲಿಸಿದ ಕಥೆ ಮೂರನೆಯ ಬಾರಿ ಕೈಹಿಡಿಯಲಿಲ್ಲ.

ಈ ಮೂರು ಚಿತ್ರಗಳನ್ನು ಹೋಲಿಸುವಾಗ ಇನ್ನೊಂದು ಅಂಶವನ್ನು ಹೇಳಲೇಬೇಕು. 1914ರ ಚಿತ್ರದಲ್ಲಿ ಮೂಲನಿವಾಸಿ ನಾಯಕಿಯ ಪಾತ್ರವನ್ನು ಮೂಲನಿವಾಸಿ ಕಲಾವಿದೆಯೇ ಆದ ರೆಡ್ ವಿಂಗ್ ನಿರ್ವಹಿಸಿದ್ದರು. ನಂತರದ ಎರಡೂ ಚಿತ್ರಗಳಲ್ಲಿ ಆ ಪಾತ್ರ ಬೇರೆಯವರ ಪಾಲಾಯಿತು. ತಂತ್ರ ಮುಂದುವರಿದ ಹಾಗೆಲ್ಲ ಕಥೆಯ ನ್ಯಾಯವೂ ಮುಂದುವರಿಯುತ್ತದೆ ಎಂದು ನಂಬಲು ಇಲ್ಲಿ ಆಧಾರವಿಲ್ಲ.

ಇತರ ಮೂಕಿ ಚಿತ್ರಗಳು

1915ರಲ್ಲಿ ಡಿಮಿಲ್ ‘ದಿ ಚೀಟ್’ ಮತ್ತು ‘ದಿ ಗೋಲ್ಡನ್ ಚಾನ್ಸ್’ ಎಂಬ ಎರಡು ಚಿತ್ರಗಳನ್ನು ಹಗಲಿರುಳು ದುಡಿದು ಏಕಕಾಲಕ್ಕೆ ಚಿತ್ರಿಸಿದರು. ಎರಡನೆಯದನ್ನು 1921ರಲ್ಲಿ ‘ಫರ್ಬಿಡನ್ ಫ್ರೂಟ್’ ಎಂಬ ಹೆಸರಿನಲ್ಲಿ ತಾವೇ ಮತ್ತೆ ತೆಗೆದರು. ‘ದಿ ಚೀಟ್’ ಚಿತ್ರವನ್ನು ಹಾಲಿವುಡ್‌ನಲ್ಲಿ ಇತರರು 1923 ಮತ್ತು 1931ರಲ್ಲಿ ಮತ್ತೆ ತೆಗೆದರೆ, 1937ರಲ್ಲಿ ಫ್ರಾನ್ಸಿನಲ್ಲಿಯೂ ಅದರ ಮರುನಿರ್ಮಾಣವಾಯಿತು. ಮೂಲ ಚಿತ್ರದ ಜಪಾನಿ ನಟ ಸೆಸ್ಸ್ಯೂ ಹಯಕಾವಾ ಫ್ರೆಂಚ್ ಚಿತ್ರದಲ್ಲಿಯೂ ನಟಿಸಿದರು. 1919ರ ಸುಮಾರಿಗೆ ಗ್ಲೋರಿಯಾ ಸ್ವಾನ್ಸನ್ ಅವರನ್ನು ನಾಯಕಿಯಾಗಿಸಿ ತೆಗೆದ ದಾಂಪತ್ಯ ವಿಷಯದ ಚಿತ್ರಗಳು ಡಿಮಿಲ್ ಅವರಿಗೆ ವಿಶೇಷ ಜನಪ್ರಿಯತೆ ತಂದವು.

ಮೊದಲ ‘ಟೆನ್ ಕಮಾಂಡ್‌ಮೆಂಟ್ಸ್’

1923ರ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಎರಡು ಭಾಗಗಳ ಮೂಕಿ ಚಿತ್ರ. ಮೊದಲ ಭಾಗದಲ್ಲಿ ಮೋಶೆ ತನ್ನ ಜನರನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸುವ ಪ್ರಸಂಗ. ಎರಡನೆಯದರಲ್ಲಿ ಆಧುನಿಕ ಕಾಲದ ಇಬ್ಬರು ಸಹೋದರರ ಕಥೆ. ಕ್ಯಾಲಿಫೋರ್ನಿಯಾದ ಗ್ವಾಡಲೂಪ್ ಎಂಬಲ್ಲಿನ ಮರಳುದಿಬ್ಬಗಳ ನಡುವೆ ಫರೋಹನ ನಗರವನ್ನು ಕಟ್ಟಲಾಯಿತು. ಖರ್ಚು ಹತ್ತು ಲಕ್ಷ ಡಾಲರನ್ನು ಮೀರಿದಾಗ ಪ್ಯಾರಾಮೌಂಟ್ ಸಂಸ್ಥೆಯ ಮುಖ್ಯಸ್ಥರು ಕಂಗಾಲಾದರು, ಚಿತ್ರ ಗೆದ್ದಿತು. ಚಿತ್ರೀಕರಣ ಮುಗಿದ ಮೇಲೆ ಆ ನಗರವನ್ನು ಮರಳಿನಲ್ಲೇ ಹೂಳಲಾಯಿತು.

ಪ್ಯಾರಾಮೌಂಟ್‌ಗೆ ಮರಳಿಕೆ

1925ರಲ್ಲಿ ಆ ಸಂಸ್ಥೆಯನ್ನು ತೊರೆದಿದ್ದ ಡಿಮಿಲ್, 1931ರ ಸೋಲಿನ ಬಳಿಕ 1932ರಲ್ಲಿ ಅಲ್ಲಿಗೆ ಮರಳಿ ‘ದಿ ಸೈನ್ ಆಫ್ ದಿ ಕ್ರಾಸ್’ ತೆಗೆದರು. ಇದೂ ಹಳೆಯ ನಾಟಕ, 1914ರಲ್ಲೇ ಒಮ್ಮೆ ಚಿತ್ರವಾಗಿದ್ದ ಕಥೆ. ಅದು ಗೆದ್ದು ಅವರ ವೃತ್ತಿಜೀವನ ಮತ್ತೆ ಹಳಿಗೆ ಬಂತು. ‘ಕ್ಲಿಯೋಪಾತ್ರ’ (1934), ‘ಯೂನಿಯನ್ ಪೆಸಿಫಿಕ್’ (1939), ‘ಸ್ಯಾಮ್ಸನ್ ಅಂಡ್ ಡಿಲೈಲಾ’ (1949) ಮುಂತಾದವು ಈ ಅವಧಿಯವು. 1952ರ ‘ದಿ ಗ್ರೇಟೆಸ್ಟ್ ಷೋ ಆನ್ ಅರ್ತ್’ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಪಡೆಯಿತು.

1936ರಿಂದ ಅವರು ‘ಲಕ್ಸ್ ರೇಡಿಯೋ ಥಿಯೇಟರ್’ ಕಾರ್ಯಕ್ರಮದ ನಿರೂಪಕರಾಗಿದ್ದರು. ಜನಪ್ರಿಯ ಚಿತ್ರಗಳ ಕಥೆಯನ್ನು ತಾರೆಯರ ಧ್ವನಿಯಲ್ಲಿ ಬಾನುಲಿಗೆ ಅಳವಡಿಸುತ್ತಿದ್ದ ಈ ಕಾರ್ಯಕ್ರಮವೂ ಒಂದು ಬಗೆಯ ಮರುನಿರ್ಮಾಣವೇ. ರಾಜಕೀಯ ಉದ್ದೇಶಕ್ಕಾಗಿ ಕಲಾವಿದರ ಸಂಘ ವಿಧಿಸಿದ ಒಂದು ಡಾಲರ್ ವಂತಿಗೆಯನ್ನು ಕೊಡಲು ನಿರಾಕರಿಸಿ 1945ರಲ್ಲಿ ಅವರು ಆ ಕೆಲಸ ಕಳೆದುಕೊಂಡರು. ಕಮ್ಯುನಿಸ್ಟ್ ವಿರೋಧಿಯಾಗಿದ್ದ ಅವರು 1950ರಲ್ಲಿ ನಿರ್ದೇಶಕರ ಸಂಘದ ಸದಸ್ಯರೆಲ್ಲ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಪಟ್ಟುಹಿಡಿದರು. ಅದನ್ನು ವಿರೋಧಿಸಿದ ಅಧ್ಯಕ್ಷ ಜೋಸೆಫ್ ಮ್ಯಾಂಕೀವಿಚ್ ಅವರನ್ನು ಇಳಿಸಲು ನಡೆಸಿದ ಪ್ರಯತ್ನ ವಿಫಲವಾಗಿ ಅವರ ಗೌರವಕ್ಕೆ ಧಕ್ಕೆ ತಂದಿತು.

1956ರ ಚಿತ್ರ

ಎಪ್ಪತ್ತು ದಾಟಿದ ಮೇಲೆ ಡಿಮಿಲ್ ಮತ್ತೆ ಮೋಶೆಯ ಕಥೆಗೆ ಬಂದರು. ಈ ಬಾರಿ ಹಳೆಯ ಚಿತ್ರದ ನಕಲನ್ನು ತೆಗೆಯಲಿಲ್ಲ. ಆಧುನಿಕ ಭಾಗವನ್ನು ಪೂರ್ತಿ ಕೈಬಿಟ್ಟು, ಮೋಶೆಯ ಜನನದಿಂದ ತೊಡಗಿ ಇಡೀ ಜೀವನವನ್ನು ವರ್ಣದಲ್ಲಿ, ಅಗಲ ತೆರೆಗೆ, 3 ಗಂಟೆ 40 ನಿಮಿಷದ ಚಿತ್ರವಾಗಿ ವಿಸ್ತರಿಸಿದರು. ಚಾರ್ಲ್ಟನ್ ಹೆಸ್ಟನ್ ಮೋಶೆಯಾಗಿ, ಯೂಲ್ ಬ್ರಿನ್ನರ್ ಫರೋಹನಾಗಿ ನಟಿಸಿದರು. 1923ರಲ್ಲಿ ಮರಳುದಿಬ್ಬದಲ್ಲಿ ಕಟ್ಟಿದ ಈಜಿಪ್ಟಿನ ಬದಲು ಈಗ ನಿಜವಾದ ಈಜಿಪ್ಟಿಗೇ ಹೋದರು. 1954ರಲ್ಲಿ ಅಲ್ಲಿ ಸಜ್ಜಿಕೆಯ ಎತ್ತರದ ದ್ವಾರವನ್ನು ಹತ್ತುವಾಗ 73ರ ಡಿಮಿಲ್ ಅವರಿಗೆ ಹೃದಯಾಘಾತವಾಯಿತು. ಮಗಳು ಸಿಸಿಲಿಯಾ ಕೆಲವು ದಿನ ಉಸ್ತುವಾರಿ ವಹಿಸಿದರು. ವಿಶ್ರಾಂತಿಯ ಸಲಹೆಯಿದ್ದರೂ ಡಿಮಿಲ್ ಬೇಗನೆ ಕೆಲಸಕ್ಕೆ ಮರಳಿದರು.

ಸಮುದ್ರ ಇಬ್ಭಾಗವಾಗುವ ದೃಶ್ಯ ಎರಡೂ ಚಿತ್ರಗಳ ಹೃದಯ. 1923ರಲ್ಲಿ ಜೆಲಾಟಿನ್ ಗೋಡೆಗಳು ಕರಗುವುದನ್ನು ಚಿತ್ರಿಸಿ ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದ್ದರು. 1956ರಲ್ಲಿ ಬೃಹತ್ ತೊಟ್ಟಿಗಳಿಂದ ನೀರು ಧುಮುಕುವುದನ್ನು ಚಿತ್ರಿಸಿ ಅದನ್ನೂ ಹಿಂದುಮುಂದಾಗಿಯೇ ಓಡಿಸಿದರು. ಸುಮಾರು 1 ಕೋಟಿ 30 ಲಕ್ಷ ಡಾಲರ್ ವೆಚ್ಚದ ಈ ಚಿತ್ರ ಅಪಾರ ಹಣ ಗಳಿಸಿತು. ವಿಶೇಷ ದೃಶ್ಯಪರಿಣಾಮಗಳಿಗೆ ಆಸ್ಕರ್ ಪಡೆಯಿತು. ಈಗ ಈ ಹೆಸರು ಹೇಳಿದರೆ ಜನ ನೆನೆಯುವುದು ಮರುನಿರ್ಮಾಣವನ್ನೇ.

ಮರುನಿರ್ಮಾಣದ ಚರ್ಚೆಯಲ್ಲಿ

ಡಿಮಿಲ್ ಒಬ್ಬರೇ ಹೀಗೆ ಮಾಡಿದವರಲ್ಲ. ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ 1934ರ ‘ದಿ ಮ್ಯಾನ್ ಹೂ ನ್ಯೂ ಟೂ ಮಚ್’ ಚಿತ್ರವನ್ನು 1956ರಲ್ಲೇ ಮತ್ತೆ ತೆಗೆದರು. ‘ದಿ ಮಾಲ್ಟೀಸ್ ಫಾಲ್ಕನ್’ ಕಾದಂಬರಿಯ ಶ್ರೇಷ್ಠ ರೂಪವೆನಿಸಿದ 1941ರ ಚಿತ್ರ ವಾಸ್ತವವಾಗಿ ಅದರ ಮೂರನೆಯ ರೂಪ. ಆದ್ದರಿಂದ ಮರುನಿರ್ಮಾಣವನ್ನು ಇತ್ತೀಚಿನ ರೋಗವೆನ್ನುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಹಾಗೆಂದು ಅಂದಿನದೂ ಇಂದಿನದೂ ಒಂದೇ ಎನ್ನಲಾಗದು. ಡಿಮಿಲ್ ಕಾಲದಲ್ಲಿ ಹಳೆಯ ಚಿತ್ರ ಪ್ರೇಕ್ಷಕನ ಕೈಗೆ ಸಿಗುತ್ತಿರಲಿಲ್ಲ. ಇಂದು ಮನೆಯಲ್ಲೇ ಸಿಗುತ್ತದೆ. ಅಂದಿನ ಮುಖ್ಯ ಸಮರ್ಥನೆ ಹೀಗೆ ಬಿದ್ದುಹೋಗಿದೆ. 1931ರಲ್ಲಿ ಅವರು ಹಳೆಯ ಕಥೆಗೆ ಹೋದದ್ದು ಸೋಲಿನ ಭಯದಿಂದ. 1956ರಲ್ಲಿ ಹೋದದ್ದು ಹಿಂದೆ ಹೇಳಲಾಗದೆ ಉಳಿದ ಭಾಗವನ್ನು ಹೇಳುವುದಕ್ಕೆ. ಈ ಎರಡು ಚಿತ್ರಗಳ ನಡುವಿನ ಅಂತರವನ್ನು ಕೇವಲ ಹಣದ ಲೆಕ್ಕದಲ್ಲಿ ವಿವರಿಸಲು ಬರುವುದಿಲ್ಲ.

ಕೊನೆಯ ದಿನಗಳು

ಡಿಮಿಲ್ ಅವರ 1938ರ ‘ದಿ ಬಕನೀರ್’ ಚಿತ್ರದ ಮರುನಿರ್ಮಾಣ 1958ರ ಡಿಸೆಂಬರ್‌ನಲ್ಲಿ ತೆರೆಕಂಡಿತು. ಅನಾರೋಗ್ಯದಿಂದಾಗಿ ಡಿಮಿಲ್ ಮೇಲ್ವಿಚಾರಣೆಗೆ ಸೀಮಿತರಾದರು. ಸಾಕುಮಗಳು ಕ್ಯಾಥರೀನ್ ಅವರ ಪತಿ, ನಟ ಆಂಥೊನಿ ಕ್ವಿನ್ ನಿರ್ದೇಶಿಸಿದರು. ಕ್ವಿನ್ ನಿರ್ದೇಶಿಸಿದ ಏಕೈಕ ಚಿತ್ರವಿದು. ನಿರೀಕ್ಷಿತ ಯಶಸ್ಸು ದೊರೆಯಲಿಲ್ಲ. 1959ರ ಜನವರಿ 21ರಂದು ಡಿಮಿಲ್ ಹಾಲಿವುಡ್‌ನಲ್ಲಿ ಹೃದಯಸಂಬಂಧಿ ಕಾಯಿಲೆಯಿಂದ ನಿಧನರಾದರು. ಅವರ ಆತ್ಮಕಥೆ ಅದೇ ವರ್ಷ, ಮರಣಾನಂತರ ಪ್ರಕಟವಾಯಿತು. ಗೋಲ್ಡನ್ ಗ್ಲೋಬ್ ಸಮಾರಂಭದಲ್ಲಿ ಜೀವಮಾನದ ಸಾಧನೆಗಾಗಿ ನೀಡುವ ಪ್ರಶಸ್ತಿಗೆ ಅವರ ಹೆಸರಿದ್ದು, 1952ರಲ್ಲಿ ಅದನ್ನು ಮೊದಲು ಪಡೆದವರೂ ಅವರೇ.

ಉಳಿದಿರುವ ಕುರುಹುಗಳು

1913ರಲ್ಲಿ ಬಾಡಿಗೆಗೆ ಹಿಡಿದ ಕೊಟ್ಟಿಗೆಯನ್ನು ಕ್ಯಾಲಿಫೋರ್ನಿಯಾ ಸಂಸ್ಥಾನ 1956ರಲ್ಲಿ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಮೂಲ ಸ್ಥಳದಿಂದ ಸಾಗಿಸಲ್ಪಟ್ಟ ಆ ಕಟ್ಟಡ ಈಗ ಹಾಲಿವುಡ್ ಬೌಲ್ ಎದುರು ವಸ್ತುಸಂಗ್ರಹಾಲಯವಾಗಿದೆ. ಗ್ವಾಡಲೂಪಿನಲ್ಲಿ ಹೂತಿದ್ದ ಫರೋಹನ ನಗರದ ನೆಲೆಯನ್ನು 1983ರಲ್ಲಿ ಗುರುತಿಸಲಾಯಿತು. ಆ ಬಳಿಕ ನಡೆದ ಉತ್ಖನನಗಳಲ್ಲಿ ಸಿಕ್ಕ, ಗಾರೆಯಿಂದ ಮಾಡಿದ ಸ್ಫಿಂಕ್ಸ್ ಮೂರ್ತಿಗಳ ಭಾಗಗಳನ್ನು ಅದೇ ಊರಿನಲ್ಲಿ ಪ್ರದರ್ಶನಕ್ಕೆ ಇಡಲಾಗಿದೆ.