ಕಿಟ್ಟೆಲರ ನಿತ್ಯನಿಷ್ಠೆ

ಕಿಟ್ಟೆಲ್ ಎಂಬುದು ನಮ್ಮಲ್ಲಿ ಅನೇಕರಿಗೆ ಒಂದು ಪುಸ್ತಕದ ಹೆಸರು. ಪದದ ಅರ್ಥದಲ್ಲಿ ಸಂದೇಹ ಬಂದರೆ ಕಿಟ್ಟೆಲ್ ತೆಗೆದು ನೋಡು ಎಂದು ಹಿರಿಯರು ಹೇಳುವುದುಂಟು. ಆ ಪುಸ್ತಕದ ಹಿಂದೆ ಒಬ್ಬ ದೈವಭಕ್ತನ ಜೀವನವಿದೆಯೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಆ ಜೀವನವನ್ನು ಸ್ಮರಿಸುವುದು ಉಚಿತವೆನಿಸುತ್ತದೆ.

ಫರ್ಡಿನೆಂಡ್ ಕಿಟ್ಟೆಲರು 1832ರ ಏಪ್ರಿಲ್ ತಿಂಗಳಿನಲ್ಲಿ ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆ ಎಂಬಲ್ಲಿ, ಒಬ್ಬ ಪಾದ್ರಿಯ ಮಗನಾಗಿ ಜನಿಸಿದರು. ಅದೇ ವರ್ಷ ಇತ್ತ ಮದರಾಸಿನಲ್ಲಿ ವಿಲಿಯಂ ರೀವ್ ಎಂಬ ಪಾದ್ರಿಯ ಕನ್ನಡ-ಇಂಗ್ಲಿಷ್ ಕೋಶವು ಅಚ್ಚಾಯಿತು. ಅದನ್ನು ಮೀರಿಸುವ ಕೋಶವನ್ನು ರಚಿಸಲಿರುವವರು ಆಗ ತೊಟ್ಟಿಲ ಕೂಸು.

1850ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನನ್ನು ಸೇರಿದರು. 1834ರಲ್ಲೇ ಮಂಗಳೂರಿನಲ್ಲಿ ನೆಲೆಯೂರಿದ್ದ ಆ ಸಂಸ್ಥೆಯ ಶಿಸ್ತು ಕಠಿನವಾದುದು. ಬೆಳಿಗ್ಗೆ ಸಂಜೆ ಪ್ರಾರ್ಥನೆ, ಬೈಬಲ್ ಪಠಣ, ಸರಳವಾದ ಊಟ, ಬಿಡುವಿಲ್ಲದ ಕೆಲಸ. ಕಾಲವೂ ದೇವರು ಕೊಟ್ಟ ಬಂಡವಾಳವೇ, ಅದಕ್ಕೂ ಲೆಕ್ಕ ಒಪ್ಪಿಸಬೇಕು ಎಂಬುದು ಅವರ ನಂಬಿಕೆ. ಯಜಮಾನನು ಕೊಟ್ಟ ಹಣವನ್ನು ಸೇವಕರು ವೃದ್ಧಿಗೊಳಿಸಿ ಒಪ್ಪಿಸಿದ ಕಥೆಯನ್ನು ಯೇಸುಕ್ರಿಸ್ತನು ಹೇಳಿದ್ದಾನೆ. ಸ್ವಲ್ಪದರಲ್ಲಿ ನಂಬಿಗಸ್ತನಾಗಿರುವುದೇ ಅದರ ಸಾರ.

1853ರಲ್ಲಿ ಇಪ್ಪತ್ತೊಂದರ ಹರೆಯದ ಈ ಯುವಕ ನಮ್ಮ ನಾಡಿಗೆ ಬಂದರು. ಬಂದದ್ದು ಕ್ರೈಸ್ತಮತವನ್ನು ಬೋಧಿಸಲು, ಇದನ್ನು ಮರೆಮಾಚಬೇಕಾಗಿಲ್ಲ. ಧಾರವಾಡ, ಮಂಗಳೂರು, ಮಡಿಕೇರಿಗಳು ಅವರ ಕಾರ್ಯಕ್ಷೇತ್ರಗಳಾದವು. ಆದರೆ ಎಷ್ಟು ಮಂದಿಯನ್ನು ಮತಕ್ಕೆ ಸೇರಿಸಿದರೆಂಬ ಅಳತೆಯಲ್ಲಿ ಅವರು ಹೆಸರು ಗಳಿಸಲಿಲ್ಲ. ಮಿಷನ್ನಿನ ಸಹೋದ್ಯೋಗಿಗಳ ನಡುವೆಯೂ ಅವರು ಒಂಟಿಯಂತೆಯೇ ಇದ್ದರು. ಬಂದ ಉದ್ದೇಶದಲ್ಲಿ ಫಲ ಕಾಣದಿದ್ದಾಗ ಮನುಷ್ಯನು ಸಾಮಾನ್ಯವಾಗಿ ಊರಿಗೆ ಮರಳುತ್ತಾನೆ, ಇಲ್ಲವೆ ಮನಸ್ಸಿಲ್ಲದ ಮನಸ್ಸಿನಿಂದ ದಿನ ನೂಕುತ್ತಾನೆ. ಕಿಟ್ಟೆಲರು ಎರಡನ್ನೂ ಮಾಡಲಿಲ್ಲ. ಯಾರಿಗೆ ಬೋಧಿಸಲು ಬಂದರೋ ಆ ಜನರ ನುಡಿಯನ್ನು ಕಲಿಯಲು ಕುಳಿತರು.

ಗೃಹಜೀವನದಲ್ಲಿಯೂ ಪರೀಕ್ಷೆಗಳು ಬಂದವು. 1860ರಲ್ಲಿ ಕೈಹಿಡಿದ ಪೌಲೀನೆ 1864ರಲ್ಲಿಯೇ ತೀರಿಕೊಂಡರು. ಮುಂದೆ 1867ರಲ್ಲಿ ಆಕೆಯ ತಂಗಿ ಜೂಲಿಯನ್ನು ಅವರು ವಿವಾಹವಾದರು. ಇಷ್ಟಾದರೂ ಓದುಬರಹ ನಿಲ್ಲಲಿಲ್ಲ. ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡುವಂತೆ ರಚಿಸಿದ 'ಕಥಾಮಾಲೆ' 1862ರಲ್ಲಿ ಬಂದಿತ್ತು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಅವರ ಸಂಪಾದನೆಯಲ್ಲಿ ಹೊರಬಂದವು. ಕೇಶಿರಾಜ, ನಾಗವರ್ಮರಿಬ್ಬರೂ ಕ್ರೈಸ್ತರಲ್ಲ. ಅವರ ಗ್ರಂಥಗಳ ಮೇಲೆ ಈ ಪಾದ್ರಿಯು ತನ್ನ ಧರ್ಮಗ್ರಂಥಕ್ಕೆ ತೋರುವಷ್ಟೇ ಶ್ರದ್ಧೆಯನ್ನು ತೋರಿದರು.

ಇನ್ನು ಆ ಮಹಾಕೋಶ. ಓಲೆಗರಿಗಳಲ್ಲಿ ಉಳಿದ ಹಳಗನ್ನಡ ಕಾವ್ಯಗಳ ಪದಗಳು, ರೈತನ, ಕಸಬುದಾರನ, ಮನೆವಾರ್ತೆಯ ಮಾತುಗಳು, ಗಾದೆಗಳು, ಇವೆಲ್ಲ ಅದರಲ್ಲಿ ಸೇರಬೇಕು. ಅಚ್ಚ ಕನ್ನಡ ಪದವಾದರೆ ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿರುವ ಅದರ ಒಡಹುಟ್ಟುಗಳನ್ನು ಕಾಣಿಸಬೇಕು. ಸಂಸ್ಕೃತದಿಂದ ಬಂದುದನ್ನು ಬೇರೆಯಾಗಿ ಗುರುತಿಸಬೇಕು. ಕನ್ನಡ ಪಂಡಿತರ ನೆರವನ್ನು ಪಡೆದು ಒಂದೊಂದೇ ಪದವನ್ನು ಪರೀಕ್ಷಿಸುತ್ತ ವರ್ಷಗಳು ಉರುಳಿದವು. 1877ರಲ್ಲಿ ಜರ್ಮನಿಗೆ ಮರಳಿದ್ದರೂ, ಕೋಶಕ್ಕಾಗಿ 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಕಡಲು ದಾಟಿ ಬಂದರು. ಸುಮಾರು 70,000 ಪದಗಳ, 1,700ಕ್ಕೂ ಮೀರಿದ ಪುಟಗಳ ಆ ಗ್ರಂಥವು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟವಾಯಿತು. ಆ ಹೊತ್ತಿಗೆ ಅವರು ಜರ್ಮನಿಗೆ ಹಿಂತಿರುಗಿದ್ದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಅಲ್ಲಿಗೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ದೈವಾಧೀನರಾದರು. ಕೊನೆಯ ವರ್ಷದಲ್ಲಿಯೂ ಕೈಯಲ್ಲಿದ್ದುದು ಕನ್ನಡದ ಕೆಲಸವೇ.

ಭಕ್ತಿಯೆಂದರೆ ಉತ್ಸಾಹವೆಂದು ನಾವು ಎಷ್ಟೋ ಸಲ ಭಾವಿಸುತ್ತೇವೆ. ಉತ್ಸಾಹವು ಹಬ್ಬದ ದಿನ ಬಂದು ಮರುದಿನ ಹೋಗುತ್ತದೆ. ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಆಯಾ ದಿನದ ಲೆಕ್ಕ ಆಯಾ ದಿನವೇ ತಾಳೆಯಾಗಬೇಕು, ವರ್ಷಕ್ಕೊಮ್ಮೆ ಕುಳಿತು ಸರಿಪಡಿಸಲಾಗದು. ಕಿಟ್ಟೆಲರ ಕ್ರೈಸ್ತ ನಿಷ್ಠೆಯು ಈ ಬಗೆಯದು. ಫಲವನ್ನು ದೇವರಿಗೆ ಬಿಟ್ಟು, ಆ ದಿನದ ಪಾಲನ್ನು ಆ ದಿನವೇ ಮುಗಿಸಿದರು.

ಹೊಟ್ಟೆಪಾಡಿಗಾಗಿ ಪರನಾಡಿನಲ್ಲಿ ನೆಲಸಿದ ನಮಗೆ ಇದರಲ್ಲಿ ಪಾಠವಿದೆ. ಆ ಕೋಶದ ಪರಿಷ್ಕೃತ ಆವೃತ್ತಿಯು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದದ್ದು ಕೂಡ ಕನ್ನಡ ನಾಡಿನ ಹೊರಗೆ, ಮರಿಯಪ್ಪ ಭಟ್ಟರ ಸಂಪಾದನೆಯಲ್ಲಿ, ಮದರಾಸು ವಿಶ್ವವಿದ್ಯಾನಿಲಯದಿಂದ. ನಮ್ಮ ಮಕ್ಕಳು ಶಾಲೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಆಡಿ ಮನೆಗೆ ಬರುತ್ತಾರೆ. ನವೆಂಬರ್ ಒಂದರಂದು ಬಾವುಟ ಹಾರಿಸಿದ ಮಾತ್ರಕ್ಕೆ ಅವರ ನಾಲಗೆಯಲ್ಲಿ ಕನ್ನಡ ನಿಲ್ಲದು. ರಾತ್ರಿ ಊಟವಾದ ಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಕನ್ನಡ ಓದಿಸುವುದು ನಮ್ಮಿಂದಾಗದ ಕೆಲಸವೇನಲ್ಲ. ಅದು ನಾಳೆಯೂ ನಡೆಯಬೇಕು, ನಾಡಿದ್ದೂ ನಡೆಯಬೇಕು.